ಸೂಪರ್ನೋವಾ ಹಿಡಿದು ವಿಶ್ವದ ಹಿಗ್ಗುವಿಕೆ ಅಳೆಯುವುದು ಹೇಗೆ: ಮನೆಯ ಲ್ಯಾಪ್‌ಟಾಪಿನಲ್ಲೇ, ಹಂತ ಹಂತವಾಗಿ

ಬೆಂಗಳೂರಿನಲ್ಲಿ ರಾತ್ರಿ ಟೆರೇಸ್ ಹತ್ತಿದರೆ ಕಾಣುವ ನಕ್ಷತ್ರಗಳನ್ನು ಬೆರಳಲ್ಲೇ ಎಣಿಸಬಹುದು. ಬೀದಿದೀಪಗಳು ಮಾತ್ರ ಬೇಕಾದಷ್ಟು. ನಮ್ಮ ಮನೆ ಎದುರಿನ ಕಂಬದ ದೀಪ ಕಣ್ಣಿಗೆ ಹೊಡೆಯುತ್ತದೆ. ಅದೇ ಸಾಲಿನ ಹತ್ತನೇ ಕಂಬದ್ದು ಸಣ್ಣ ಚುಕ್ಕಿ. ಎರಡೂ ಒಂದೇ ವ್ಯಾಟಿನ ದೀಪ ಅಂತ ಗೊತ್ತಿದ್ದರೆ ಟೇಪು ಹಿಡಿದು ಹೋಗಬೇಕಾಗಿಲ್ಲ, ಎಷ್ಟು ಮಂಕಾಗಿದೆ ಅನ್ನುವುದೇ ಎಷ್ಟು ದೂರ ಅಂತ ಹೇಳುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ.

ವಿಶ್ವ ಹಿಗ್ಗುತ್ತಿದೆ, ಅದೂ ವೇಗ ಹೆಚ್ಚಿಸಿಕೊಂಡು ಹಿಗ್ಗುತ್ತಿದೆ ಅಂತ ಕಂಡುಹಿಡಿದದ್ದು ಇದೇ ಲೆಕ್ಕದಿಂದ, ಬೀದಿದೀಪದ ಜಾಗದಲ್ಲಿ ಸೂಪರ್ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರ, ಇಟ್ಟುಕೊಂಡು. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಹೇಳಿದವು. 2011ರಲ್ಲಿ ಸಾಲ್ ಪರ್ಲ್‌ಮಟರ್, ಬ್ರಯಾನ್ ಷ್ಮಿಟ್ ಮತ್ತು ಆಡಂ ರೀಸ್ ಅವರಿಗೆ ಇದಕ್ಕೇ ನೊಬೆಲ್ ಬಂತು. ಆ ಕಾಲದಲ್ಲಿ ಅವರ ಕೈಯಲ್ಲಿದ್ದ ದೂರದ ಸೂಪರ್ನೋವಾಗಳು ಬಹಳ ಕಡಿಮೆ. ಒಂದು ತಂಡಕ್ಕೆ 16, ಇನ್ನೊಂದಕ್ಕೆ 42. ಇವತ್ತು 1550 ಸೂಪರ್ನೋವಾಗಳ ಅಳತೆ ಒಂದೇ ಫೈಲಿನಲ್ಲಿ, ಬಿಟ್ಟಿಯಾಗಿ ಸಿಗುತ್ತದೆ. ಹಾಗಾಗಿ ಈ ಫಲಿತಾಂಶವನ್ನು ಯಾರೋ ಹೇಳಿದರು ಅಂತ ನಂಬಬೇಕಾಗಿಲ್ಲ, ಒಂದು ಭಾನುವಾರ ಕೂತು ನೀವೇ ತೆಗೆದು ನೋಡಬಹುದು. ನಾನು ಹಾಗೆ ನೋಡಿದವನು. ಎಲ್ಲಿ ಎಡವಿದೆ ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬೇಕಾದದ್ದು ಇಷ್ಟು: ಒಂದು ಲ್ಯಾಪ್‌ಟಾಪ್, ಎಕ್ಸೆಲ್ ಅಥವಾ ಲಿಬ್ರೆ ಆಫೀಸ್, ಪಿಯುಸಿಯಲ್ಲಿ ಕಲಿತ ಲಾಗರಿದಮ್. ಪೈಥಾನ್ ಬಂದರೆ ಒಳ್ಳೆಯದು, ಆದರೆ ಅದು ಕೊನೆಯ ಹಂತಕ್ಕೆ ಮಾತ್ರ.

ಹಂತ 1: ಯಾವ ಸೂಪರ್ನೋವಾ?

ಎಲ್ಲ ಸೂಪರ್ನೋವಾವೂ ಆಗುವುದಿಲ್ಲ. ದೊಡ್ಡ ನಕ್ಷತ್ರದ ಒಡಲು ಕುಸಿದು ಸಿಡಿಯುವ ಬಗೆ ಒಂದಿದೆ. ಅದರಲ್ಲಿ ಒಂದೊಂದರ ಹೊಳಪು ಒಂದೊಂದು ಥರ. ನಮಗೆ ಬೇಕಾದದ್ದು ಒನ್-ಎ ಟೈಪ್ ಅನ್ನುವುದು. ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ಗಟ್ಟಿ ಗುಂಡು, ಅಂದರೆ ಶ್ವೇತಕುಬ್ಜ, ಪಕ್ಕದ ಜೊತೆಗಾರ ನಕ್ಷತ್ರದಿಂದ ದ್ರವ್ಯ ಎಳೆದುಕೊಂಡೋ ಇನ್ನೊಂದು ಶ್ವೇತಕುಬ್ಜಕ್ಕೆ ಡಿಕ್ಕಿ ಹೊಡೆದೋ ಪೂರ್ತಿ ಸಿಡಿದುಹೋಗುತ್ತದೆ. ಶ್ವೇತಕುಬ್ಜಕ್ಕೆ ತೂಕದ ಮಿತಿ ಒಂದಿದೆ, ಸೂರ್ಯನ ಸುಮಾರು 1.4 ಪಟ್ಟು. 1930ರಲ್ಲಿ 19ರ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಈ ಮಿತಿಯ ಲೆಕ್ಕ ಶುರು ಮಾಡಿದ್ದರು. ಎಲ್ಲವೂ ಹೆಚ್ಚುಕಡಿಮೆ ಒಂದೇ ಥರದ ಮದ್ದಿನಿಂದ ಸಿಡಿಯುವುದರಿಂದ ಹೊಳಪೂ ಹೆಚ್ಚುಕಡಿಮೆ ಒಂದೇ. ಶಿಖರ ಮುಟ್ಟಿದಾಗ 400-500 ಕೋಟಿ ಸೂರ್ಯರಷ್ಟು. ಲೆಕ್ಕದ ಭಾಷೆಯಲ್ಲಿ ಹೇಳಿದರೆ ನಿಜವಾದ ಮ್ಯಾಗ್ನಿಟ್ಯೂಡ್ ಮೈನಸ್ 19.3 ಹತ್ತಿರ.

ಮ್ಯಾಗ್ನಿಟ್ಯೂಡ್ ಅಳತೆ ತಲೆಕೆಳಗು ಅನ್ನುವುದು ನೆನಪಿರಲಿ. ಸಂಖ್ಯೆ ದೊಡ್ಡದಾದಷ್ಟೂ ಮಂಕು. 5 ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ಬೆಳಕಿನಲ್ಲಿ 100 ಪಟ್ಟು ವ್ಯತ್ಯಾಸ.

ಒನ್-ಎ ಅಂತ ಗುರುತಿಸುವುದು ಹೇಗೆ? ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಹೈಡ್ರೋಜನ್ನಿನ ಗೆರೆ ಇರುವುದಿಲ್ಲ, 615 ನ್ಯಾನೋಮೀಟರ್ ಹತ್ತಿರ ಸಿಲಿಕಾನಿನ ಒಂದು ದೊಡ್ಡ ಹಳ್ಳ ಇರುತ್ತದೆ. ಆ ಹಳ್ಳವೇ ಇದರ ಗುರುತಿನ ಚೀಟಿ.

ಹಂತ 2: ದೀಪಗಳನ್ನು ಸರಿಸಮ ಮಾಡುವುದು

ಹೆಚ್ಚುಕಡಿಮೆ ಒಂದೇ ಅಂದೆ. ಆ ಹೆಚ್ಚುಕಡಿಮೆಯಲ್ಲೇ ಎಲ್ಲ ಇರುವುದು.

ಸೂಪರ್ನೋವಾ ಸುಮಾರು ಎರಡೂವರೆ ವಾರ ಏರುತ್ತದೆ, ಆಮೇಲೆ ಇಳಿಯುತ್ತದೆ. ಈ ಬೆಳಕೆಲ್ಲ ಸಿಡಿತದಲ್ಲಿ ಹುಟ್ಟಿದ ವಿಕಿರಣಶೀಲ ನಿಕ್ಕಲ್ಲಿನದು. ನಿಕ್ಕಲ್-56 ಕೋಬಾಲ್ಟ್ ಆಗುತ್ತದೆ, ಅರ್ಧಾಯುಷ್ಯ 6 ದಿನ. ಕೋಬಾಲ್ಟ್ ಕಬ್ಬಿಣ ಆಗುತ್ತದೆ, ಅರ್ಧಾಯುಷ್ಯ 77 ದಿನ. ನಿಕ್ಕಲ್ ಜಾಸ್ತಿ ಇದ್ದರೆ ಹೊಳಪೂ ಜಾಸ್ತಿ, ಇಳಿಯುವುದೂ ನಿಧಾನ. 1993ರಲ್ಲಿ ಮಾರ್ಕ್ ಫಿಲಿಪ್ಸ್ ಇದನ್ನು ಅಳೆದು ತೋರಿಸಿದರು: ಶಿಖರದಿಂದ 15 ದಿನಗಳಲ್ಲಿ ಎಷ್ಟು ಇಳಿಯಿತು ಅಂತ ನೋಡಿದರೆ ಶಿಖರದಲ್ಲಿ ನಿಜವಾದ ಹೊಳಪು ಎಷ್ಟಿತ್ತು ಅಂತ ಹೇಳಬಹುದು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ಇದಿಲ್ಲದಿದ್ದರೆ 1998 ಇಲ್ಲ.

ಇನ್ನೊಂದು ತಿದ್ದುಪಡಿ ಬಣ್ಣದ್ದು. ನಂದಿ ಬೆಟ್ಟದ ಮೇಲೆ ಬೆಳಗಿನ ಜಾವ ಮಂಜಿನೊಳಗೆ ಕಾರಿನ ದೀಪ ಮಂಕಾಗಿ ಕಾಣುತ್ತದೆ. ದೂರ ಇರುವುದಕ್ಕಲ್ಲ, ನಡುವೆ ಮಂಜು ಇರುವುದಕ್ಕೆ. ಗೆಲಾಕ್ಸಿಗಳಲ್ಲಿ ಆ ಕೆಲಸ ಮಾಡುವುದು ಧೂಳು. ಆದರೆ ಧೂಳು ನೀಲಿ ಬೆಳಕನ್ನು ಜಾಸ್ತಿ ತಿನ್ನುತ್ತದೆ, ಕೆಂಪನ್ನು ಕಡಿಮೆ. ಆದ್ದರಿಂದ ಧೂಳಿನ ಹಿಂದೆ ಇರುವ ಸೂಪರ್ನೋವಾ ಕೆಂಪಗೆ ಕಂಡು ಸಿಕ್ಕಿಬೀಳುತ್ತದೆ.

ಎರಡೂ ಸೇರಿದ ಸೂತ್ರ ಇದು: ದೂರದ ಅಂಕ = ಕಂಡ ಮ್ಯಾಗ್ನಿಟ್ಯೂಡ್ + 0.15 × ಹಿಗ್ಗಿನ ಅಂಕ − 3.1 × ಬಣ್ಣದ ಅಂಕ − ನಿಜವಾದ ಮ್ಯಾಗ್ನಿಟ್ಯೂಡ್. ಇಲ್ಲಿ ದೂರದ ಅಂಕ ಅಂದರೆ ಮ್ಯಾಗ್ನಿಟ್ಯೂಡ್ ಲೆಕ್ಕದಲ್ಲಿ ಹೇಳಿದ ದೂರ, ಹಿಗ್ಗಿನ ಅಂಕ ಅಂದರೆ ಏರಿಳಿತದ ಗೆರೆ ಎಷ್ಟು ಅಗಲ ಅನ್ನುವುದು, ಬಣ್ಣದ ಅಂಕ ಅಂದರೆ ಎಷ್ಟು ಕೆಂಪಾಗಿದೆ ಅನ್ನುವುದು. ಒಂದು ಸೂಪರ್ನೋವಾದ ಹಿಗ್ಗು 1 ಇದೆ ಅಂದುಕೊಳ್ಳಿ. ಅದು ಸಹಜವಾಗಿಯೇ ಜಾಸ್ತಿ ಹೊಳೆಯುವಂಥದ್ದು, ಆದ್ದರಿಂದ ಕಂಡದ್ದಕ್ಕಿಂತ ದೂರ ಇದೆ ಅಂತ 0.15 ಕೂಡಿಸುತ್ತೇವೆ. ಬಣ್ಣ 0.1 ಅಂದುಕೊಳ್ಳಿ. ಕೆಂಪಾಗಿ ಮಂಕಾಗಿದೆ, ನಿಜವಾಗಿ ಇನ್ನೂ ಹತ್ತಿರ ಇದೆ, ಅದಕ್ಕೆ 0.31 ಕಳೆಯುತ್ತೇವೆ. ಹೀಗೆ ತಿದ್ದಿದ ಮೇಲೆ ಉಳಿಯುವ ಚೆದರು ಸುಮಾರು 0.15 ಮ್ಯಾಗ್ನಿಟ್ಯೂಡ್. ಅಂದರೆ ಕೋಟ್ಯಂತರ ಬೆಳಕಿನ ವರ್ಷದಾಚೆ ಇರುವ ವಸ್ತುವಿನ ದೂರ ಶೇಕಡಾ 7ರ ಒಳಗೆ ಸರಿಯಾಗಿ ಸಿಗುತ್ತದೆ! ನಾವು ಇಳಿಸಿಕೊಳ್ಳುವ ಫೈಲಿನಲ್ಲಿ ಈ ತಿದ್ದುಪಡಿ ಆಗಲೇ ಮಾಡಿಟ್ಟಿದ್ದಾರೆ. ನೀವೇ ಮಾಡಬೇಕು ಅಂತಿದ್ದರೆ ಪೈಥಾನಿನಲ್ಲಿ ಎಸ್‌ಎನ್‌ಕಾಸ್ಮೋ ಅನ್ನುವ ಲೈಬ್ರರಿ ಇದೆ.

ಹಂತ 3: ರೆಡ್‌ಶಿಫ್ಟ್ ಅರ್ಥ ಮಾಡಿಕೊಳ್ಳಿ

ದೂರ ಒಂದು ಅಳತೆ. ಇನ್ನೊಂದು, ಬೆಳಕು ಹೊರಟ ಮೇಲೆ ವಿಶ್ವ ಎಷ್ಟು ಹಿಗ್ಗಿತು ಅನ್ನುವುದು. ಇದು ಬೆಳಕಿನ ಅಲೆಯಲ್ಲೇ ಬರೆದಿರುತ್ತದೆ. ಅಲೆ ಬರುವ ದಾರಿಯಲ್ಲಿ ಜಾಗವೇ ಹಿಗ್ಗಿದರೆ ಅಲೆಯೂ ಹಿಗ್ಗಿ ಕೆಂಪಿನ ಕಡೆ ಜಾರುತ್ತದೆ. 615ರಲ್ಲಿ ಇರಬೇಕಾದ ಆ ಸಿಲಿಕಾನ್ ಹಳ್ಳ 922.5ರಲ್ಲಿ ಸಿಕ್ಕಿತು ಅಂದುಕೊಳ್ಳಿ. 922.5 ಭಾಗಿಸು 615, ಬಂದದ್ದು 1.5. ಇದರಲ್ಲಿ 1 ಕಳೆದರೆ 0.5. ಅದೇ ರೆಡ್‌ಶಿಫ್ಟ್. ಬೆಳಕು ಹೊರಟಾಗ ಗೆಲಾಕ್ಸಿಗಳ ನಡುವಿನ ಅಂತರ ಈಗಿನದರ ಮೂರನೇ ಎರಡು ಭಾಗ (1 ಭಾಗಿಸು 1.5) ಇತ್ತು ಅಂತ ಅರ್ಥ. ಆ ಬೆಳಕು ಹೊರಟು ಸುಮಾರು 500 ಕೋಟಿ ವರ್ಷ ಆಗಿದೆ. ಆಗ ನಮ್ಮ ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಅಲೆ ಮಾತ್ರ ಅಲ್ಲ, ಗಡಿಯಾರವೂ ಹಿಗ್ಗುತ್ತದೆ. ಹತ್ತಿರದ ಸೂಪರ್ನೋವಾ 20 ದಿನದಲ್ಲಿ ಇಳಿಯುವಷ್ಟನ್ನು 0.5 ರೆಡ್‌ಶಿಫ್ಟಿನದು 30 ದಿನ ತೆಗೆದುಕೊಂಡು ಇಳಿಯುತ್ತದೆ. ಬೆಳಕು ದಾರಿಯಲ್ಲಿ ಸುಮ್ನೆ ದಣಿದು ಕೆಂಪಾಗುತ್ತದೆ ಅನ್ನುವ ಹಳೆಯ ವಾದ ಒಂದಿತ್ತು. ಅದಕ್ಕೆ ಉತ್ತರ ಇಲ್ಲೇ ಇದೆ. ದಣಿದ ಬೆಳಕಿನಲ್ಲಿ ದಿನಗಳ ಲೆಕ್ಕ ಹಿಗ್ಗುವುದಿಲ್ಲ ಅಲ್ವಾ?

ಇಂಥ ಅಳತೆ ಮಾಡುವ ಜಾಗ ಒಂದು ನಮ್ಮ ಪಕ್ಕದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವುದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ವೀಕ್ಷಕರು ಹಾನ್ಲೆಗೆ ಹೋಗುವುದಿಲ್ಲ. ಹೊಸಕೋಟೆಯ ಕ್ಯಾಂಪಸ್ಸಿನಲ್ಲಿ ಕೂತು ಸ್ಯಾಟಲೈಟ್ ಮೂಲಕ ಟೆಲಿಸ್ಕೋಪ್ ತಿರುಗಿಸುತ್ತಾರೆ. ಹತ್ತಿರದ ಸೂಪರ್ನೋವಾ ಎಷ್ಟನ್ನೋ ಅಲ್ಲಿಂದಲೇ ಹಿಂಬಾಲಿಸಿದ್ದಾರೆ. ಹೊಸಕೋಟೆ ಅಂದರೆ ಬರೀ ಬಿರಿಯಾನಿ ನೆನಪಾಗುವವರಿಗೆ ಇದು ತಿಳಿದಿರಲಿ ಅಂತ ನನಗೆ ಮನಸಾರೆ ಆಸೆ.

ಹಂತ 4: ಫೈಲು ಇಳಿಸಿಕೊಳ್ಳಿ

ನಾವು ಬಳಸುವುದು ಪ್ಯಾಂಥಿಯನ್ ಪ್ಲಸ್ ಅನ್ನುವ ಸಂಗ್ರಹ. 2022ರಲ್ಲಿ ಬಂದದ್ದು. ಗಿಟ್‌ಹಬ್‌ನಲ್ಲಿ ಪ್ಯಾಂಥಿಯನ್ ಪ್ಲಸ್ ಡೇಟಾ ರಿಲೀಸ್ ಅಂತ ಹುಡುಕಿದರೆ ಸಿಗುತ್ತದೆ. ಅದರಲ್ಲಿ ದೂರಗಳ ಫೋಲ್ಡರಿಗೆ ಹೋಗಿ ಡ್ಯಾಟ್ ಅಂತ ಮುಗಿಯುವ ಫೈಲನ್ನು ಇಳಿಸಿ. ಸಣ್ಣ ಟೆಕ್ಸ್ಟ್ ಫೈಲು. ಎಕ್ಸೆಲ್‌ನಲ್ಲಿ ತೆರೆಯುವಾಗ ಕಾಲಂಗಳನ್ನು ಬೇರೆ ಮಾಡುವ ಗುರುತು ಕಾಮಾ ಅಲ್ಲ, ಸ್ಪೇಸ್ ಅಂತ ಕೊಡಿ.

1701 ಸಾಲು ಬರುತ್ತವೆ. ಸೂಪರ್ನೋವಾ 1550 ಅಂದೆನಲ್ಲ, ಸಾಲು ಯಾಕೆ ಜಾಸ್ತಿ? ಒಂದೇ ಸೂಪರ್ನೋವಾವನ್ನು ಎರಡು ಮೂರು ಸರ್ವೆಗಳು ನೋಡಿದ್ದರೆ ಅಷ್ಟು ಸಾಲು ಇರುತ್ತವೆ. ರೆಡ್‌ಶಿಫ್ಟ್ 0.001ರಿಂದ 2.26ರವರೆಗೆ ಇದೆ. ಕಾಲಂಗಳು ತುಂಬ ಇವೆ, ಗಾಬರಿ ಆಗಬೇಡಿ. ನಮಗೆ ನಾಲ್ಕು ಸಾಕು: ಝಡ್ ಎಚ್‌ಡಿ ಅನ್ನುವ ರೆಡ್‌ಶಿಫ್ಟ್ ಕಾಲಂ, ಮ್ಯೂ ಶೂಸ್ ಅನ್ನುವ ದೂರದ ಅಂಕ, ಅದರ ಎರರ್, ಮತ್ತೆ ಈಸ್ ಕ್ಯಾಲಿಬ್ರೇಟರ್ ಅನ್ನುವ 0 ಅಥವಾ 1ರ ಕಾಲಂ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಓದಿಕೊಂಡರೆ ಇವೇ. ಶೂಸ್ ಅನ್ನುವುದರಲ್ಲಿ ಓ ಅಕ್ಷರದ ಜಾಗದಲ್ಲಿ ಸೊನ್ನೆ ಹಾಕಿದ್ದಾರೆ, ಹುಡುಕುವಾಗ ಗಮನಿಸಿ.

ರೆಡ್‌ಶಿಫ್ಟಿಗೆ ಮೂರು ಕಾಲಂ ಕಾಣುತ್ತವೆ. ಒಂದು ಸೂರ್ಯನ ಕಡೆಯಿಂದ ಕಂಡದ್ದು. ಇನ್ನೊಂದು, ಸೂರ್ಯನೇ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದನ್ನು ಕಳೆದದ್ದು. ಮೂರನೆಯದು, ಗೆಲಾಕ್ಸಿಯ ಸ್ವಂತ ಓಡಾಟದ ಅಂದಾಜನ್ನೂ ಕಳೆದದ್ದು. ಆ ಮೂರನೆಯದೇ ಝಡ್ ಎಚ್‌ಡಿ. ಅದನ್ನೇ ತೆಗೆದುಕೊಳ್ಳಿ.

ಹಂತ 5: ಸೋಸಿ

ಎರಡು ಫಿಲ್ಟರ್. ಮೊದಲು ಕ್ಯಾಲಿಬ್ರೇಟರ್ 1 ಇರುವ ಸಾಲುಗಳನ್ನು ತೆಗೆಯಿರಿ, 77 ಇವೆ. ಅವು ಅಳತೆಗೋಲನ್ನು ಸರಿಮಾಡಲು ಇಟ್ಟವು, ನಮ್ಮ ಗ್ರಾಫಿಗೆ ಬೇಡ. ಆಮೇಲೆ ರೆಡ್‌ಶಿಫ್ಟ್ 0.01ಕ್ಕಿಂತ ಕಡಿಮೆ ಇರುವುದನ್ನೂ ತೆಗೆಯಿರಿ. ಯಾಕೆಂದರೆ 0.01 ಅಂದರೆ ಸೆಕೆಂಡಿಗೆ 3000 ಕಿಲೋಮೀಟರ್ ವೇಗ. ಗೆಲಾಕ್ಸಿಗಳು ಒಂದನ್ನೊಂದು ಎಳೆದಾಡಿಕೊಂಡು ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್ ಸ್ವಂತಕ್ಕೆ ಓಡುತ್ತಿರುತ್ತವೆ. ಹತ್ತಿರದವಕ್ಕೆ ಹಿಗ್ಗುವಿಕೆಯ ವೇಗಕ್ಕಿಂತ ಈ ಸ್ವಂತ ಓಟದ್ದೇ ಜೋರು. ಆಂಡ್ರೊಮಿಡಾ ಗೆಲಾಕ್ಸಿ ನಮ್ಮಿಂದ ದೂರ ಹೋಗುವುದು ಬಿಟ್ಟು ನಮ್ಮ ಕಡೆಗೇ ಬರುತ್ತಿದೆ!

ಹಂತ 6: ಹತ್ತಿರದವುಗಳಿಂದ ಹಬಲ್ ಸಂಖ್ಯೆ

ಈಗ ರೆಡ್‌ಶಿಫ್ಟ್ 0.023ರಿಂದ 0.1ರವರೆಗಿನ ಸಾಲುಗಳನ್ನು ಮಾತ್ರ ಹಿಡಿದುಕೊಳ್ಳಿ. ಹಬಲ್ ಸಂಖ್ಯೆ ಅಂದರೆ ವಿಶ್ವ ಈಗ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಅನ್ನುವ ಅಳತೆ, ವೇಗ ಭಾಗಿಸು ದೂರ. ಒಂದು ಮಾದರಿ ಸಾಲು ಕೈಯಲ್ಲೇ ಮಾಡಿ ನೋಡೋಣ. ರೆಡ್‌ಶಿಫ್ಟ್ 0.05, ದೂರದ ಅಂಕ 36.64 ಅಂತ ಇಟ್ಟುಕೊಳ್ಳಿ.

ದೂರದ ಅಂಕದಿಂದ 25 ಕಳೆಯಿರಿ: 11.64. ಅದನ್ನು 5ರಿಂದ ಭಾಗಿಸಿ: 2.328. 10ರ ಮೇಲೆ ಇದನ್ನು ಘಾತವಾಗಿ ಏರಿಸಿ: 212.8. ಇದು ದೂರ, ಮೆಗಾಪಾರ್ಸೆಕ್‌ಗಳಲ್ಲಿ. ಒಂದು ಮೆಗಾಪಾರ್ಸೆಕ್ ಅಂದರೆ 32.6 ಲಕ್ಷ ಬೆಳಕಿನ ವರ್ಷ. ವೇಗಕ್ಕೆ ಬೆಳಕಿನ ವೇಗ 299792ನ್ನು 0.05ರಿಂದ ಗುಣಿಸಿ: 14990. ವೇಗವನ್ನು ದೂರದಿಂದ ಭಾಗಿಸಿದರೆ 70.4.

ಇಲ್ಲಿ ನಿಲ್ಲಿ. ಇದು ತಪ್ಪು ಉತ್ತರ. ನಾನು ಮೊದಲ ಸಲ ಮಾಡಿದಾಗ 70 ಬಂತು ಅಂತ ಖುಷಿಪಟ್ಟೆ. ಆದರೆ ಇದೇ ಡೇಟಾದಿಂದ ಪ್ರಕಟಿಸಿದ ಉತ್ತರ 73.04. ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ರೆಡ್‌ಶಿಫ್ಟನ್ನು ಬೆಳಕಿನ ವೇಗದಿಂದ ಗುಣಿಸಿದರೆ ವೇಗ ಬರುತ್ತದೆ ಅನ್ನುವುದು ತುಂಬ ಹತ್ತಿರಕ್ಕೆ ಮಾತ್ರ ಸರಿ. ಮಂಕಿನಿಂದ ಅಳೆದ ದೂರದಲ್ಲಿ ಹಿಗ್ಗುವಿಕೆಯಿಂದ ಕಳೆದುಹೋದ ಬೆಳಕೂ ಸೇರಿರುತ್ತದೆ. 0.05ರಲ್ಲೇ ಇದು ಶೇಕಡಾ 4 ತಪ್ಪು ಕೊಡುತ್ತದೆ. ತಿದ್ದುವುದಕ್ಕೆ ವೇಗವನ್ನು (1 + 0.775 × ರೆಡ್‌ಶಿಫ್ಟ್) ಇಂದ ಗುಣಿಸಿ. ಈಗ 14990 × 1.03875, ಅಂದರೆ 15571. ಭಾಗಿಸಿದರೆ 73.2. ಎಲ್ಲ ಸಾಲಿಗೂ ಫಾರ್ಮುಲಾ ಎಳೆದು ಮೀಡಿಯನ್ ತೆಗೆಯಿರಿ, 73ರ ಹತ್ತಿರ ಕೂರುತ್ತದೆ. ಪ್ರತಿ ಮೆಗಾಪಾರ್ಸೆಕ್ ದೂರಕ್ಕೂ ಸೆಕೆಂಡಿಗೆ 73 ಕಿಲೋಮೀಟರ್.

ಒಂದು ಮಾತು ಮನಸ್ಸಿಟ್ಟು ಕೇಳಿ. ಈ 73 ನೀವು ಸ್ವತಂತ್ರವಾಗಿ ಅಳೆದದ್ದಲ್ಲ. ಫೈಲಿನಲ್ಲಿರುವ ದೂರದ ಅಂಕದೊಳಗೇ ಅದು ಕೂತಿದೆ. ದೀಪ ನಿಜವಾಗಿ ಎಷ್ಟು ವ್ಯಾಟಿನದು ಅಂತ ಮೊದಲು ಯಾರಾದರೂ ಹೇಳಬೇಕಲ್ಲ? ಅದನ್ನು ಹೇಳಿದ್ದು ಸೆಫೀಡ್ ಅನ್ನುವ ಮಿಡಿಯುವ ನಕ್ಷತ್ರಗಳು. ಅವುಗಳ ಮಿಡಿತದ ಅವಧಿಗೂ ಹೊಳಪಿಗೂ ಇರುವ ನಂಟನ್ನು 1912ರಲ್ಲಿ ಹೆನ್ರಿಯೆಟಾ ಲೆವಿಟ್ ಸಾಬೀತು ಮಾಡಿದ್ದರು. ನೀವು ತೆಗೆದುಹಾಕಿದ ಆ 77 ಸಾಲುಗಳು ಸೆಫೀಡ್ ಇರುವ ಗೆಲಾಕ್ಸಿಗಳಲ್ಲೇ ಸಿಡಿದ ಸೂಪರ್ನೋವಾಗಳದ್ದು. ಆದಿವಿಶ್ವದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ಇದೇ ಸಂಖ್ಯೆ 67.4 ಬರುತ್ತದೆ. 73ಕ್ಕೂ 67ಕ್ಕೂ ಯಾಕೆ ಹೊಂದುವುದಿಲ್ಲ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಆದರೆ ಮುಂದಿನ ಹಂತಕ್ಕೆ ಈ ಜಗಳ ಅಡ್ಡ ಬರುವುದಿಲ್ಲ. ದೀಪದ ವ್ಯಾಟ್ ಬದಲಾದರೆ ಇಡೀ ಗ್ರಾಫ್ ಮೇಲೆ ಕೆಳಗೆ ಸರಿಯುತ್ತದೆ, ಅದರ ಬಾಗು ಬದಲಾಗುವುದಿಲ್ಲ. ವಿಶ್ವದ ವೇಗ ಹೆಚ್ಚುತ್ತಿದೆಯಾ ಅನ್ನುವ ಉತ್ತರ ಇರುವುದು ಬಾಗಿನಲ್ಲಿ.

ಹಂತ 7: ಮೂರು ವಿಶ್ವ ಕಟ್ಟಿ

ಹೊಸ ಶೀಟ್ ತೆರೆಯಿರಿ. ಮೊದಲ ಕಾಲಂನಲ್ಲಿ ರೆಡ್‌ಶಿಫ್ಟ್: 0, 0.01, 0.02 ಹೀಗೆ 2.3ರವರೆಗೆ. ಈಗ ಮೂರು ಬೇರೆ ಬೇರೆ ವಿಶ್ವಗಳಲ್ಲಿ ದೂರ ಎಷ್ಟಿರಬೇಕು ಅಂತ ಲೆಕ್ಕ ಹಾಕೋಣ. ಮೂರಕ್ಕೂ ಬೆಳಕಿನ ವೇಗವನ್ನು ಹಬಲ್ ಸಂಖ್ಯೆಯಿಂದ ಭಾಗಿಸಬೇಕು. ಸದ್ಯಕ್ಕೆ 70 ಇಟ್ಟುಕೊಂಡರೆ 4282.7 ಬರುತ್ತದೆ. ಇದನ್ನು ಅಳತೆಗೋಲು ಅನ್ನೋಣ.

ಒಂದನೇ ವಿಶ್ವದಲ್ಲಿ ದ್ರವ್ಯ ಮಾತ್ರ ಇದೆ, ತುಂಬಿಕೊಂಡಿದೆ, ತನ್ನ ಸೆಳೆತದಿಂದ ಹಿಗ್ಗುವಿಕೆಗೆ ಬ್ರೇಕ್ ಹಾಕುತ್ತಿದೆ. ದೂರ = 2 × ಅಳತೆಗೋಲು × (1 + ರೆಡ್‌ಶಿಫ್ಟ್) × (1 − 1 ಭಾಗಿಸು (1 + ರೆಡ್‌ಶಿಫ್ಟ್)ನ ವರ್ಗಮೂಲ).

ಎರಡನೆಯದು ಖಾಲಿ. ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ. ದೂರ = ಅಳತೆಗೋಲು × ರೆಡ್‌ಶಿಫ್ಟ್ × (1 + ರೆಡ್‌ಶಿಫ್ಟಿನ ಅರ್ಧ).

ಮೂರನೆಯದರಲ್ಲಿ ಶೇಕಡಾ 30 ದ್ರವ್ಯ, 70 ಡಾರ್ಕ್ ಎನರ್ಜಿ, ಅಂದರೆ ಹಿಗ್ಗುವಿಕೆಗೆ ಆಕ್ಸಿಲರೇಟರ್ ಒತ್ತುವ ಶಕ್ತಿ. ಇದಕ್ಕೆ ಒಂದೇ ಸಾಲಿನ ಸುಲಭ ಸೂತ್ರ ಇಲ್ಲ, ಆದರೆ ಶೀಟಿನಲ್ಲಿ ಸಲೀಸು. (1 + ರೆಡ್‌ಶಿಫ್ಟ್)ನ ಘನವನ್ನು 0.3ರಿಂದ ಗುಣಿಸಿ 0.7 ಕೂಡಿಸಿ, ವರ್ಗಮೂಲ ತೆಗೆದು, 1ನ್ನು ಅದರಿಂದ ಭಾಗಿಸಿ. ಪಕ್ಕದ ಕಾಲಂನಲ್ಲಿ ಮೇಲಿನ ಸಾಲಿನದು ಮತ್ತು ಈ ಸಾಲಿನದರ ಸರಾಸರಿಯನ್ನು 0.01ರಿಂದ ಗುಣಿಸಿ ಕೂಡಿಸುತ್ತಾ ಹೋಗಿ. ಆ ಮೊತ್ತವನ್ನು ಅಳತೆಗೋಲಿನಿಂದಲೂ (1 + ರೆಡ್‌ಶಿಫ್ಟ್) ಇಂದಲೂ ಗುಣಿಸಿದರೆ ದೂರ. ಸರಿಯಾಗಿದೆಯಾ ಅಂತ ನೋಡಿಕೊಳ್ಳಲು 0.5ನೇ ಸಾಲಿಗೆ ಹೋಗಿ. 1ನ್ನು ಭಾಗಿಸಿ ಬಂದ ಕಾಲಂನಲ್ಲಿ 0.764, ಮೊತ್ತದ ಕಾಲಂನಲ್ಲಿ 0.441 ಇರಬೇಕು.

0.5 ರೆಡ್‌ಶಿಫ್ಟಿನಲ್ಲಿ ಮೂರರ ದೂರ ಹೀಗೆ ಬರುತ್ತದೆ: ದ್ರವ್ಯದ ವಿಶ್ವದಲ್ಲಿ 2358 ಮೆಗಾಪಾರ್ಸೆಕ್, ಖಾಲಿ ವಿಶ್ವದಲ್ಲಿ 2677, ಡಾರ್ಕ್ ಎನರ್ಜಿ ಇರುವುದರಲ್ಲಿ 2833. ದೂರದ 10ರ ಲಾಗನ್ನು 5ರಿಂದ ಗುಣಿಸಿ 25 ಕೂಡಿಸಿ. ದೂರದ ಅಂಕ 41.86, 42.14, 42.26. ಮೊದಲನೆಯದಕ್ಕೂ ಕೊನೆಯದಕ್ಕೂ 0.40 ವ್ಯತ್ಯಾಸ. ಬೆಳಕಿನಲ್ಲಿ ಹೇಳಿದರೆ, ವೇಗ ಹೆಚ್ಚುತ್ತಿರುವ ವಿಶ್ವದಲ್ಲಿ ಅದೇ ಸೂಪರ್ನೋವಾ ಶೇಕಡಾ 31ರಷ್ಟು ಮಂಕಾಗಿ ಕಾಣಬೇಕು. ನೊಬೆಲ್ ಬಂದದ್ದು ಇಷ್ಟು ಮಂಕಿಗೆ.

ಹಂತ 8: ಡೇಟಾವನ್ನು ಪಕ್ಕದಲ್ಲಿಟ್ಟು ನೋಡಿ

ಸುಮ್ನೆ ಎಲ್ಲವನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಏನೂ ಕಾಣುವುದಿಲ್ಲ. ದೂರದ ಅಂಕ 33ರಿಂದ 46ರವರೆಗೆ ಓಡುತ್ತದೆ, ಅದರಲ್ಲಿ 0.4 ಎಲ್ಲಿ ಕಾಣಬೇಕು? ಅದಕ್ಕೇ ವ್ಯತ್ಯಾಸದ ಗ್ರಾಫ್ ಹಾಕಬೇಕು. ಪ್ರತಿ ಸೂಪರ್ನೋವಾದ ದೂರದ ಅಂಕದಿಂದ ದ್ರವ್ಯದ ವಿಶ್ವದ ಅಂಕ ಕಳೆಯಿರಿ. ಅಡ್ಡಕ್ಕೆ ರೆಡ್‌ಶಿಫ್ಟ್, ಲಾಗ್ ಅಳತೆಯಲ್ಲಿ. ಉದ್ದಕ್ಕೆ ಈ ವ್ಯತ್ಯಾಸ. ಉಳಿದ ಎರಡು ವಿಶ್ವಗಳ ಅಂಕದಿಂದಲೂ ಹೀಗೇ ಕಳೆದು ಅವುಗಳ ಗೆರೆ ಎಳೆಯಿರಿ.

ಇಲ್ಲಿ ನಾನು ಮಾಡಿದ ಎರಡನೇ ತಪ್ಪು. ಫೈಲಿನ ಅಂಕ 73ರ ಲೆಕ್ಕದ್ದು, ನನ್ನ ಮಾದರಿ 70ರದ್ದು. ಹಾಗಾಗಿ ಎಲ್ಲ ಚುಕ್ಕಿಯೂ ಇರಬೇಕಾದ್ದಕ್ಕಿಂತ 0.09 ಕೆಳಗೆ ಕೂತಿತ್ತು. ದೂರದವು ಅಷ್ಟೇನೂ ಮಂಕಾಗಿಲ್ಲ ಅಂದುಕೊಂಡುಬಿಟ್ಟೆ. ಸರಿಯಾದ ದಾರಿ ಹೀಗೆ: ರೆಡ್‌ಶಿಫ್ಟ್ 0.1ಕ್ಕಿಂತ ಕಡಿಮೆ ಇರುವ ಚುಕ್ಕಿಗಳ ವ್ಯತ್ಯಾಸದ ಸರಾಸರಿ ತೆಗೆದು, ಅದನ್ನು ಎಲ್ಲದರಿಂದಲೂ ಕಳೆಯಿರಿ. ಹತ್ತಿರದವು ಸೊನ್ನೆಯ ಮೇಲೆ ಕೂರುತ್ತವೆ. ಹೊಳಪಿನ ಜಗಳ, 73ರ ಜಗಳ, ಎಲ್ಲ ಅಲ್ಲಿಗೆ ಹೊರಗೆ. ಇನ್ನು ಉಳಿದದ್ದು ಬಾಗು ಮಾತ್ರ.

ಬಿಡಿ ಚುಕ್ಕಿಗಳು ಚೆದುರಿ ಕಾಣುತ್ತವೆ, ಅದಕ್ಕೆ ಗುಂಪು ಮಾಡಿ. 0.1ರಿಂದ 0.2, 0.2ರಿಂದ 0.3, 0.3ರಿಂದ 0.4, 0.4ರಿಂದ 0.6 ಹೀಗೆ. ಪ್ರತಿ ಗುಂಪಿನ ಸರಾಸರಿ ಹಾಕಿ. ಸರಾಸರಿಗಳು ನಿಧಾನವಾಗಿ ಮೇಲೇರುತ್ತವೆ. 0.5ರ ಹತ್ತಿರ ಬರುವಷ್ಟರಲ್ಲಿ ಸುಮಾರು ಮೂರನೇ ಒಂದು ಮ್ಯಾಗ್ನಿಟ್ಯೂಡ್ ಮೇಲೆ ಹೋಗಿರುತ್ತವೆ. ದ್ರವ್ಯದ ವಿಶ್ವದ ಸೊನ್ನೆ ಗೆರೆ ಕೆಳಗೆ ಉಳಿದುಬಿಡುತ್ತದೆ. ಖಾಲಿ ವಿಶ್ವದ ಗೆರೆಯೂ ಕೆಳಗೇ. ಡಾರ್ಕ್ ಎನರ್ಜಿಯ ಗೆರೆ ಮಾತ್ರ ಚುಕ್ಕಿಗಳ ನಡುವೆ ಹಾದುಹೋಗುತ್ತದೆ. ನನ್ನ ಪರದೆಯ ಮೇಲೆ ಅದು ಮೂಡಿದ್ದು ರಾತ್ರಿ ಒಂದೂವರೆಗೆ. ಹೊರಗೆ ಮಳೆ. ಮಲಗಿದ್ದ ತಮ್ಮನನ್ನು ಎಬ್ಬಿಸಿ ತೋರಿಸಿದೆ. ಅವನು ಕಣ್ಣುಜ್ಜಿಕೊಂಡು, "ಈ ಚುಕ್ಕಿ ಒಂದೊಂದೂ ಒಂದೊಂದು ನಕ್ಷತ್ರ ಸತ್ತಿದ್ದಾ ಅಣ್ಣ?" ಅಂದ. ಹೌದು, ಒಂದೊಂದೂ.

ಹಂತ 9: ಅನುಮಾನ ಪಡಿ

ಮಂಕಾಗಿದ್ದರೆ ದೂರ ಇದೆ ಅಂತ ಹೇಳಿಬಿಟ್ಟೆವು. ಧೂಳು ಇರಬಾರದಾ? ಬಣ್ಣ ನೋಡಿ ತಿದ್ದಿದ್ದೇವೆ, ನಿಜ. ಆದರೆ ಎಲ್ಲ ಬಣ್ಣವನ್ನೂ ಸಮನಾಗಿ ತಿನ್ನುವ ಬೂದು ಧೂಳು ಗೆಲಾಕ್ಸಿಗಳ ನಡುವೆ ಹರಡಿದ್ದರೆ? ಇದು ನ್ಯಾಯವಾದ ಪ್ರಶ್ನೆ, ಆ ಕಾಲದಲ್ಲಿ ಗಂಭೀರವಾಗಿಯೇ ಕೇಳಿದ್ದರು. ಉತ್ತರ ನಿಮ್ಮ ಗ್ರಾಫಿನಲ್ಲೇ ಇದೆ. ಈ ಸಲ ಖಾಲಿ ವಿಶ್ವದ ಅಂಕ ಕಳೆದು ಗ್ರಾಫ್ ಹಾಕಿ. ಹಾಗೆ ಹಬ್ಬಿದ ಧೂಳಾದರೆ ದೂರ ಹೋದಷ್ಟೂ ದಪ್ಪವಾಗುತ್ತಾ ಹೋಗಬೇಕು, ಚುಕ್ಕಿಗಳು ಏರುತ್ತಲೇ ಇರಬೇಕು. ಆದರೆ 0.5ರ ಆಸುಪಾಸಿನಲ್ಲಿ ಏರಿದ ಗೆರೆ 1 ದಾಟಿದ ಮೇಲೆ ಕೆಳಗೆ ಬಾಗುತ್ತದೆ. ಹಬಲ್ ಟೆಲಿಸ್ಕೋಪಿನಲ್ಲಿ ಸಿಕ್ಕ, 1.7ರ ಸುಮಾರಿನ ರೆಡ್‌ಶಿಫ್ಟಿನ ಒಂದು ಸೂಪರ್ನೋವಾ 2001ರಲ್ಲೇ ಈ ಸುಳಿವು ಕೊಟ್ಟಿತ್ತು. ಅಷ್ಟು ಹಿಂದಕ್ಕೆ ಹೋದರೆ ವಿಶ್ವ ದಟ್ಟವಾಗಿತ್ತು, ದ್ರವ್ಯದ ಬ್ರೇಕೇ ಗೆಲ್ಲುತ್ತಿತ್ತು. ಆಕ್ಸಿಲರೇಟರ್ ಮೇಲುಗೈ ಪಡೆದದ್ದು ಸುಮಾರು 600 ಕೋಟಿ ವರ್ಷದ ಹಿಂದೆ. ಮೊದಲು ನಿಧಾನ, ಆಮೇಲೆ ವೇಗ: ಈ ತಿರುವನ್ನು ಬೂದು ಧೂಳು ತಾನಾಗಿಯೇ ನಕಲು ಮಾಡುವುದು ಬಹಳ ಕಷ್ಟ.

ದೂರದ ಚುಕ್ಕಿಗಳು ಕಡಿಮೆ, ಎರರ್ ಜಾಸ್ತಿ. 1ರ ಆಚೆಗಿನದನ್ನು ಒಂದೇ ಗುಂಪು ಮಾಡಿ ನೋಡುವುದು ಒಳ್ಳೆಯದು.

ಹಂತ 10: ದ್ರವ್ಯ ಎಷ್ಟು ಅಂತ ಹುಡುಕಿ

30 ಅಂತ ನಾನು ಹೇಳಿದೆ, ನೀವು ಇಟ್ಟಿರಿ. ಈಗ ಡೇಟಾವನ್ನೇ ಕೇಳೋಣ. ದ್ರವ್ಯದ ಪಾಲನ್ನು 0.10ರಿಂದ 0.60ರವರೆಗೆ 0.02ರ ಹೆಜ್ಜೆಯಲ್ಲಿ ಬದಲಾಯಿಸಿ, ಉಳಿದದ್ದು ಡಾರ್ಕ್ ಎನರ್ಜಿ. ಪ್ರತಿ ಸಲ ಸಾಲು ಸಾಲಿಗೂ ಮಾದರಿಗೂ ಇರುವ ವ್ಯತ್ಯಾಸವನ್ನು ಎರರ್‌ನಿಂದ ಭಾಗಿಸಿ, ವರ್ಗ ಮಾಡಿ, ಎಲ್ಲ ಕೂಡಿಸಿ. ಮೊತ್ತ ಎಲ್ಲಿ ಎಲ್ಲಕ್ಕಿಂತ ಕಡಿಮೆಯೋ ಅದೇ ಉತ್ತರ. ಪ್ರತಿ ಸಲವೂ ಎತ್ತರವನ್ನು ಸ್ವತಂತ್ರವಾಗಿ ಬಿಡಬೇಕು, ಅಂದರೆ ಸರಾಸರಿ ವ್ಯತ್ಯಾಸ ಕಳೆದೇ ವರ್ಗ ಮಾಡಬೇಕು. ಇದನ್ನು ಮರೆತರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಗ್ರಾಫ್ ಬಟ್ಟಲಿನ ಆಕಾರದಲ್ಲಿ ಬರುತ್ತದೆ, ತಳ 0.3ಕ್ಕೂ 0.4ಕ್ಕೂ ನಡುವೆ ಸಿಗುತ್ತದೆ. ತಂಡ ಪ್ರಕಟಿಸಿದ್ದು 0.334, ಹೆಚ್ಚುಕಡಿಮೆ 0.018.

ನಿಮ್ಮದು ಅದಕ್ಕೆ ಸರಿಯಾಗಿ ಹೊಂದುವುದಿಲ್ಲ, ಅದಕ್ಕೆ ಕಾರಣ ಇದೆ. ಆ ಎರರ್ ಕಾಲಂ ಗ್ರಾಫ್ ಹಾಕಲು ಕೊಟ್ಟಿರುವುದು, ಫಿಟ್ ಮಾಡಲು ಅಲ್ಲ. ಒಂದೇ ಟೆಲಿಸ್ಕೋಪಿನಲ್ಲಿ ನೋಡಿದ ನೂರು ಸೂಪರ್ನೋವಾಗಳಿಗೆ ಆ ಟೆಲಿಸ್ಕೋಪಿನ ಫಿಲ್ಟರಿನ ತಪ್ಪು ಒಟ್ಟಿಗೇ ತಗಲುತ್ತದೆ. ಒಂದು ತಪ್ಪಿದರೆ ಎಲ್ಲವೂ ಒಂದೇ ಕಡೆಗೆ ತಪ್ಪುತ್ತವೆ. ಯಾವುದರ ತಪ್ಪು ಯಾವುದರ ಜೊತೆ ಎಷ್ಟು ಅಂಟಿಕೊಂಡಿದೆ ಅನ್ನುವುದನ್ನು ಬೇರೆ ಫೈಲಿನಲ್ಲಿ ಕೊಟ್ಟಿದ್ದಾರೆ. ಅದೇ ಫೋಲ್ಡರಿನಲ್ಲಿ ಕೋವ್ ಅಂತ ಮುಗಿಯುವ ಫೈಲು.

ಅದನ್ನು ಎಕ್ಸೆಲ್‌ನಲ್ಲಿ ತೆರೆಯಲು ಹೋಗಬೇಡಿ. 1701 ಗುಣಿಸು 1701, ಅಂದರೆ 28,93,401 ಸಂಖ್ಯೆಗಳು, ಸಾಲಿಗೊಂದರಂತೆ ಇವೆ. ಎಕ್ಸೆಲ್‌ನಲ್ಲಿ 10,48,576 ಸಾಲು ಹಿಡಿದರೆ ಮುಗಿಯಿತು, ಮಿಕ್ಕಿದ್ದು ಕತ್ತರಿಸಿ ಹೋಗುತ್ತದೆ. ಇಲ್ಲಿಂದ ಪೈಥಾನ್ ಬೇಕೇ ಬೇಕು. ಗೂಗಲ್ ಕೋಲ್ಯಾಬ್‌ನಲ್ಲಿ ಬ್ರೌಸರಿನಲ್ಲೇ ಮಾಡಬಹುದು. ಮೊದಲ ಸಾಲಿನಲ್ಲಿ 1701 ಅಂತ ಅಳತೆ ಬರೆದಿರುತ್ತದೆ, ಅದನ್ನು ಬಿಟ್ಟು ಉಳಿದದ್ದನ್ನು ನಂಪೈ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಓದಿ ಚೌಕಕ್ಕೆ ಮಡಚಿ. ಹಂತ 5ರಲ್ಲಿ ನೀವು ತೆಗೆದ ಸಾಲುಗಳನ್ನು ಈ ಚೌಕದಿಂದಲೂ ತೆಗೆಯಬೇಕು, ಅಡ್ಡಕ್ಕೂ ಉದ್ದಕ್ಕೂ, ಅದೇ ಕ್ರಮದಲ್ಲಿ. ಒಂದು ಸಾಲು ಆಚೀಚೆ ಆದರೂ ಪೈಥಾನ್ ಎರರ್ ತೋರಿಸುವುದಿಲ್ಲ, ತಪ್ಪು ಉತ್ತರವನ್ನು ಸರಿಯಾದ ಉತ್ತರದಂತೆಯೇ ಕೊಡುತ್ತದೆ. ಆಮೇಲೆ ಚೌಕದ ವಿಲೋಮ ತೆಗೆದು, ವ್ಯತ್ಯಾಸಗಳ ಸಾಲನ್ನು ಎಡಕ್ಕೂ ಬಲಕ್ಕೂ ಗುಣಿಸಿದರೆ ನಿಮ್ಮ ಮೊತ್ತ ಸಿಗುತ್ತದೆ. ಎತ್ತರವನ್ನು ಇಲ್ಲಿ ಸುಮ್ನೆ ಸರಾಸರಿಯಿಂದ ಕಳೆಯಬೇಡಿ, ಅದನ್ನೂ ಒಂದು ಗೊತ್ತಿಲ್ಲದ ಅಂಕ ಅಂತ ಇಟ್ಟು ದ್ರವ್ಯದ ಪಾಲಿನ ಜೊತೆಗೇ ಹುಡುಕಿ. ಮತ್ತೆ ಬಟ್ಟಲಿನ ಗ್ರಾಫ್ ಹಾಕಿ. ತಳದಿಂದ 1 ಮೇಲೇರುವ ಜಾಗ ಎಡಕ್ಕೂ ಬಲಕ್ಕೂ ಎಷ್ಟು ದೂರ ಅಂತ ಅಳೆದರೆ ಅದು ನಿಮ್ಮ ಎರರ್. 0.02ರ ಹತ್ತಿರ ಬಂದರೆ ಫೈಲು ಸರಿಯಾಗಿ ಮಡಚಿದ್ದೀರಿ ಅಂತ ಅರ್ಥ.